ಏಪಿ ನೆಟ್ಟಗಾಗದೆ ಸೂಜಿ ಇಲ್ಲ

ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮಳೆಗಾಲ ಬಂತೆಂದರೆ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಕಾಸರಗೋಡಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ, ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಸೀ-ಆರ್ಮ್ ಮೆಶೀನು ನಡೆಸುವ ನನಗೂ ಆಗಲೇ ಕೆಲಸ ಜಾಸ್ತಿ. ಮರದಿಂದ ಜಾರಿ ಬಿದ್ದವರು ಬರುತ್ತಾರೆ. ಹೆಚ್ಚಾಗಿ ಮುರಿಯುವುದು ಬೆನ್ನುಮೂಳೆಯ ಡಿ12 ಅಥವಾ ಎಲ್1, ಅಂದರೆ ಎದೆಭಾಗದ ಕೊನೆಯ ಮಣಿ ಅಥವಾ ಸೊಂಟದ ಮೊದಲ ಮಣಿ. ಪಕ್ಕೆಲುಬಿನ ಆಸರೆ ಮುಗಿದು ಬಾಗುವ ಸೊಂಟ ಶುರುವಾಗುವ ಜಾಗ ಅದು.

ನರಕ್ಕೆ ಪೆಟ್ಟಾಗದಿದ್ದರೆ ಕೆಲವರಿಗೆ ಬೆನ್ನನ್ನು ಉದ್ದಕ್ಕೆ ಸೀಳಬೇಕಿಲ್ಲ. ಸಣ್ಣ ಸಣ್ಣ ತೂತುಗಳಲ್ಲೇ ಮುರಿದದ್ದರ ಮೇಲಿನ, ಕೆಳಗಿನ ಮೂಳೆಗೆ ಸ್ಕ್ರೂ ಹಾಕಿ, ಚರ್ಮದ ಅಡಿಯಲ್ಲೇ ರಾಡ್ ತೂರಿಸುತ್ತಾರೆ. ಡಾಕ್ಟರ ಕಣ್ಣಿಗೆ ಮೂಳೆ ಕಾಣುವುದೇ ಇಲ್ಲ. ನಾನು ಪರದೆಯಲ್ಲಿ ತೋರಿಸಿದಷ್ಟೇ ಅವರಿಗೆ ಕಾಣುವುದು.

ಅದಕ್ಕೇ ಏಪಿ ಚಿತ್ರದ, ಅಂದರೆ ಬೆನ್ನನ್ನು ಪಕ್ಕದಿಂದಲ್ಲದೆ ನೇರವಾಗಿ ತೋರಿಸುವ ಎಕ್ಸ್‌ರೇಯ, ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಮೂಳೆಯ ಮೇಲಂಚು ಎರಡು ಗೆರೆಯಾಗಿ ಕಂಡರೆ, ಒಂದೇ ಗೆರೆ ಆಗುವ ತನಕ ತಲೆಯ ಕಡೆಗೋ ಕಾಲಿನ ಕಡೆಗೋ ಮೆಶೀನನ್ನು ವಾಲಿಸುತ್ತೇನೆ. ಎರಡು ಪೆಡಿಕಲ್, ಅಂದರೆ ಸ್ಕ್ರೂ ಹೋಗುವ ಎಡ-ಬಲದ ಮೂಳೆ ಕಂಬಗಳು, ಗೂಬೆಯ ಕಣ್ಣಿನ ಹಾಗೆ ಕಾಣಬೇಕು, ಹಿಂದಿನ ಮುಳ್ಳು ಕೊಕ್ಕಿನ ಹಾಗೆ ನಟ್ಟನಡುವೆ ಇರಬೇಕು. ಡಿ12ಕ್ಕೆ ಸರಿಯಾದ ವಾಲು ಎಲ್2ಕ್ಕೆ ಆಗುವುದಿಲ್ಲ. ಆ ಡಿಗ್ರಿಗಳನ್ನು ಬಿಳಿ ಪ್ಲಾಸ್ಟರ್ ಮೇಲೆ ಬರೆದು ಮೆಶೀನಿಗೇ ಅಂಟಿಸುತ್ತೇನೆ. ಚಕ್ರ ನಿಂತ ಕಡೆ ನೆಲಕ್ಕೂ ಟೇಪು. ಡಾಕ್ಟರಿಗೆ ಕೆಲವೊಮ್ಮೆ ತಾಳ್ಮೆ ತಪ್ಪುತ್ತದೆ, ತಪ್ಪಲಿ.

ಸ್ಕ್ರೂಗೆ ದಾರಿ ಮಾಡುವ ಸೂಜಿ ಗೂಬೆಗಣ್ಣಿನ ಹೊರ ಅಂಚಿನಿಂದ ಹೊಕ್ಕು ಒಳಕ್ಕೆ ಸಾಗುತ್ತದೆ. ಏಪಿಯಲ್ಲಿ ತುದಿ ಒಳ ಅಂಚನ್ನು ಮುಟ್ಟುವ ಹೊತ್ತಿಗೆ, ಲ್ಯಾಟರಲ್‌ನಲ್ಲಿ, ಅಂದರೆ ಪಕ್ಕದಿಂದ ತೆಗೆದ ಚಿತ್ರದಲ್ಲಿ, ಅದು ಮೂಳೆಯ ಹಿಂಗೋಡೆ ದಾಟಿರಬೇಕು. ದಾಟಿಲ್ಲವೋ, ಸೂಜಿ ನರದ ಕಾಲುವೆಯ ಕಡೆ ಹೊರಟಿದೆ ಅಂತ ಲೆಕ್ಕ.

ಒಮ್ಮೆ ನಾನು ಎಡವಿದ್ದು ಸೂಜಿಯಲ್ಲಲ್ಲ, ಗೈಡ್ ವೈರಿನಲ್ಲಿ, ಅಂದರೆ ಸೂಜಿಯೊಳಗಿಂದ ಮೂಳೆಗೆ ಇಳಿಸುವ ತೆಳು ತಂತಿಯಲ್ಲಿ. ಸೂಜಿ ತೆಗೆದು, ವೈರಿನ ಮೇಲೆ ಪೋಣಿಸಿದ ಸ್ಕ್ರೂ ತಿರುಗುತ್ತಿತ್ತು. "ಕೊರ್ಚು ಕೂಡಿ, ಕೊರ್ಚು ಕೂಡಿ" ಎಂದು ಮಲಯಾಳದಲ್ಲಿ, ಇನ್ನೂ ಸ್ವಲ್ಪ ಅನ್ನುತ್ತಿದ್ದರು ಡಾಕ್ಟರು. ವಿಕಿರಣ ಉಳಿಸೋಣ ಅಂತ ನಾನು ಎಕ್ಸ್‌ರೇ ಶಾಟ್ ಕೊಡದೆ ಸುಮ್ನೆ ನಿಂತಿದ್ದೆ. ಮುಂದಿನ ಶಾಟಿನಲ್ಲಿ ನೋಡಿದರೆ, ಸ್ಕ್ರೂ ಜೊತೆ ವೈರೂ ಜಾರಿ ಮೂಳೆಯ ಮುಂಗೋಡೆಗೆ ತಾಗಿ ನಿಂತಿದೆ. ಅದರಾಚೆ ಇರುವುದು ಮಹಾಪಧಮನಿ. "ಸಾರ್, ವೈರ್!" ಎಂದು ಕೂಗಿಯೇ ಬಿಟ್ಟೆ. ಅವರು ನಿಧಾನಕ್ಕೆ ಹಿಂದೆ ಎಳೆದರು. ಏನೂ ಆಗಲಿಲ್ಲ. ಲೆಡ್ ಏಪ್ರನ್ ಒಳಗೆ ನನ್ನ ಅಂಗಿ ಪೂರ್ತಿ ಒದ್ದೆ.

ವಿಕಿರಣ ಉಳಿಸಲು ಈಗ ಬೇರೆ ದಾರಿ ಹಿಡಿಯುತ್ತೇನೆ. ಲ್ಯಾಟರಲ್‌ನಲ್ಲಿ ಕಿರಣ ಹೊರಡುವ ಟ್ಯೂಬ್ ಇರುವ ಕಡೆ ಯಾರನ್ನೂ ನಿಲ್ಲಗೊಡುವುದಿಲ್ಲ, ಚದುರುವ ಕಿರಣ ಅಲ್ಲೇ ಜಾಸ್ತಿ. ಸ್ಕ್ರೂ ತಿರುಗುವಾಗ ಮಾತ್ರ ಎರಡು ಸುತ್ತಿಗೊಂದು ಶಾಟ್ ಕೊಟ್ಟೇ ಕೊಡುತ್ತೇನೆ. ಈಗೀಗ ಡಾಕ್ಟರೇ ಸ್ಕ್ರೂಗೆ ಕೈ ಹಾಕುವ ಮೊದಲು ನನ್ನ ಕಡೆ ತಿರುಗಿ ಕೇಳುತ್ತಾರೆ: "ವಯರ್ ಎವಿಡೆ?" ವೈರ್ ಎಲ್ಲಿದೆ ಅಂತ.