ಏಡನ್ ಪರ್ಯಾಯ ದ್ವೀಪವನ್ನು ನಕ್ಷೆಯಲ್ಲಿ ಓದುವ ಕ್ರಮ

ಯೆಮೆನ್ ದೇಶದ ದಕ್ಷಿಣ ಕರಾವಳಿಯಲ್ಲಿರುವ ಏಡನ್ನಿನ ಚರಿತ್ರೆಯನ್ನು ತಿಳಿಯಹೊರಡುವವರು ಸಾಮಾನ್ಯವಾಗಿ 1839ರಲ್ಲಿ ಬ್ರಿಟಿಷರು ಅದನ್ನು ವಶಪಡಿಸಿಕೊಂಡ ಘಟನೆಯಿಂದ ಆರಂಭಿಸುತ್ತಾರೆ. ಹಾಗೆ ಓದಿದರೆ ಏಡನ್ ಹಡಗುಗಳಿಗೆ ಕಲ್ಲಿದ್ದಲು ತುಂಬುವ ನಿಲ್ದಾಣವಾಗಿ ಮಾತ್ರ ಕಾಣುತ್ತದೆ. ಅದಕ್ಕೂ ಶತಮಾನಗಳ ಮೊದಲು ನಮ್ಮ ಕರಾವಳಿಯ ಹಡಗುಗಳು ಅಲ್ಲಿಗೆ ಏಕೆ ಹೋಗುತ್ತಿದ್ದವು ಎಂಬುದು ತಿಳಿಯುವುದಿಲ್ಲ. ಮೊದಲು ಬಂಡೆ, ಬಳಿಕ ನೀರು, ಆಮೇಲೆ ಬಂದರು, ಕೊನೆಯಲ್ಲಿ ಆಳಿದವರು ಎಂಬ ಕ್ರಮವೇ ಸರಿಯೆಂದು ನಾನು ನಂಬಿದ್ದೇನೆ. ಯೆಮೆನ್‌ನ ಇಂದಿನ ಪರಿಸ್ಥಿತಿಯಲ್ಲಿ ಅಲ್ಲಿಗೆ ಪ್ರಯಾಣ ಮಾಡುವುದು ಸುರಕ್ಷಿತವಲ್ಲ. ಆದ್ದರಿಂದ ಈ ಓದಿಗೆ ಉಪಗ್ರಹ ನಕ್ಷೆಯೊಂದನ್ನೂ, ನೆಲದ ಏರಿಳಿತವನ್ನು ತೋರಿಸುವ ಇನ್ನೊಂದು ನಕ್ಷೆಯನ್ನೂ ತೆರೆದಿಟ್ಟುಕೊಳ್ಳಿ.

ನಕ್ಷೆಯಲ್ಲಿ ಮಂಗಳೂರಿನಿಂದ ನೇರ ಪಶ್ಚಿಮಕ್ಕೆ ಅರಬ್ಬಿ ಸಮುದ್ರವನ್ನು ದಾಟುತ್ತಾ ಹೋಗಿ. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿರುವುದರಿಂದ, ಸುಮಾರು 3,200 ಕಿಲೋಮೀಟರ್ ಸಾಗಿದ ಮೇಲೆ ಮರಳಿನ ತೀರದಿಂದ ಸಮುದ್ರದೊಳಕ್ಕೆ ಚಾಚಿಕೊಂಡ ಕಪ್ಪು ಬೆಟ್ಟಗಳ ಗುಂಪು ಕಣ್ಣಿಗೆ ಬೀಳುತ್ತದೆ. ಅರೇಬಿಯಾದ ಭೂಫಲಕವೂ ಆಫ್ರಿಕಾದ ಕಡೆಯ ಭೂಫಲಕವೂ ಒಂದರಿಂದೊಂದು ದೂರ ಸರಿಯುತ್ತಾ ಏಡನ್ ಕೊಲ್ಲಿ ತೆರೆದುಕೊಂಡ ಪ್ರದೇಶವಿದು. ಇಲ್ಲಿಂದ ಬಾಬ್ ಎಲ್ ಮಂಡೆಬ್ ಜಲಸಂಧಿಯ ಪೆರಿಮ್ ದ್ವೀಪದವರೆಗೂ ಆರಿಹೋದ ಜ್ವಾಲಾಮುಖಿಗಳ ಸಾಲೇ ಇದೆ. ಅತ್ಯುನ್ನತ ಶಿಖರವಾದ ಶಂಸಾನ್ 550 ಮೀಟರಿಗೂ ಸ್ವಲ್ಪ ಎತ್ತರವಾಗಿದೆ. ಅದರ ಪೂರ್ವಕ್ಕೆ, ಮೂರು ಕಡೆ ಕಡಿದಾದ ಬಂಡೆಗೋಡೆಯಿರುವ, ಸಮುದ್ರದ ಕಡೆಗೆ ಮಾತ್ರ ತೆರೆದಿರುವ ತಗ್ಗಿನಲ್ಲಿ ಹಳೆಯ ಊರು ಇದೆ. ಜ್ವಾಲಾಮುಖಿಯ ಕುಳಿಯಲ್ಲೇ ಕಟ್ಟಿದ ಆ ಭಾಗವನ್ನು ಇಂದಿಗೂ ಕ್ರೇಟರ್ ಎಂದೇ ಕರೆಯುತ್ತಾರೆ. ಅದರ ಬಾಯಿಗೆ ಕಾವಲಿಟ್ಟಂತೆ ಸೀರಾ ಎಂಬ ಕಲ್ಲುದ್ವೀಪವೂ ಅದರ ಮೇಲೊಂದು ಕೋಟೆಯೂ ಇವೆ. ಉತ್ತರದಲ್ಲಿ ಈ ಬೆಟ್ಟಗಳನ್ನು ಮುಖ್ಯಭೂಮಿಗೆ ಜೋಡಿಸುವ ಚಪ್ಪಟೆ ಮರಳುಪಟ್ಟಿಯೇ ಖೋರ್‌ಮಕ್ಸರ್. ವಿಮಾನ ನಿಲ್ದಾಣದ ಓಡುದಾರಿಯಿಂದ ಅದನ್ನು ಸುಲಭವಾಗಿ ಗುರುತಿಸಬಹುದು.

ಇನ್ನು ನೀರಿನ ವಿಚಾರಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಏಡನ್ನಿನ ಬದುಕು ನಿಂತಿದ್ದುದೇ ಅದರ ಮೇಲೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಕಾಣುವ ಮಂಗಳೂರಿನ ನೇರಕ್ಕೇ ಇದ್ದರೂ, ಇಲ್ಲಿ ಬೀಳುವ ಮಳೆ ಸುಮಾರು 50 ಮಿಲಿಮೀಟರ್ ಮಾತ್ರ. ಅದೂ ಎಂದೋ ಒಂದು ದಿನ ಒಮ್ಮೆಲೇ ಸುರಿದು ಹೋಗುತ್ತದೆ. ನಕ್ಷೆಯಲ್ಲಿ ಕ್ರೇಟರ್‌ನ ಪಶ್ಚಿಮ ಅಂಚಿಗೆ ಹೋಗಿ, ಬೆಟ್ಟದ ಸಂದಿನಿಂದ ಇಳಿಯುವ ತವೀಲಾ ಕಣಿವೆಯನ್ನು ಹಿಗ್ಗಿಸಿ ನೋಡಿ. ಬಂಡೆಯನ್ನೇ ಕಡಿದು, ಗಾರೆ ಬಳಿದು ಮಾಡಿದ ತೊಟ್ಟಿಗಳು ಒಂದರ ಕೆಳಗೊಂದು ಕಾಣುತ್ತವೆ. ಬೋಳು ಬೆಟ್ಟದಿಂದ ರಭಸವಾಗಿ ಧುಮುಕುವ ನೀರು ಮೇಲಿನ ತೊಟ್ಟಿಯಲ್ಲಿ ತನ್ನ ವೇಗವನ್ನೂ ಕಲ್ಲುಮಣ್ಣನ್ನೂ ಕಳೆದುಕೊಂಡು, ಅದು ತುಂಬಿದ ಮೇಲೆ ಕೆಳಗಿನದಕ್ಕೆ ಉಕ್ಕಿ ಹರಿಯುತ್ತಿತ್ತು; ಹೀಗೆ ನೀರು ಸಂಗ್ರಹವಾಗುವುದರ ಜೊತೆಗೆ ಕೆಳಗಿನ ಊರು ಕೊಚ್ಚಿಹೋಗುವುದೂ ತಪ್ಪುತ್ತಿತ್ತು. ಹೂಳು ತುಂಬಿ ಮುಚ್ಚಿಹೋಗಿದ್ದ ಇವುಗಳನ್ನು 1850ರ ದಶಕದಲ್ಲಿ ಪ್ಲೇಫೇರ್ ಎಂಬ ಬ್ರಿಟಿಷ್ ಅಧಿಕಾರಿ ತೆರವು ಮಾಡಿಸಿದನು. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು, ಊರಿನವರು ಮಳೆನೀರಿನ ತೊಟ್ಟಿಗಳನ್ನು ನಂಬಿದ್ದರೆಂದೂ, ಹೊರಗಿನ ನೀರಿಗೆ ಅಡ್ಡ ನಿಂತ ಅರಬರಿಗೆ ಹಣವನ್ನೂ ಬಟ್ಟೆಯನ್ನೂ ಕೊಡಬೇಕಾಗುತ್ತಿತ್ತೆಂದೂ ಬರೆದಿದ್ದಾನೆ.

ಇಷ್ಟು ಕಷ್ಟದ ಜಾಗದಲ್ಲಿ ಜನರು ನೆಲೆಸಿದ್ದು ಬಂದರಿಗಾಗಿ. ಇಲ್ಲಿ ಎರಡು ಬಂದರುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಅಗತ್ಯ. ಹಾಯಿಹಡಗುಗಳ ಕಾಲದ ಹಳೆಯ ಬಂದರು ಸೀರಾದ ಬಳಿ ಪೂರ್ವಕ್ಕಿದೆ. ಉಗಿಹಡಗುಗಳ ಕಾಲದ ಹೊಸ ಬಂದರು ಪಶ್ಚಿಮದ ತವಾಹಿಯಲ್ಲಿ, ಇನ್ನೊಂದು ಆರಿದ ಜ್ವಾಲಾಮುಖಿಯಾದ ಲಿಟ್ಲ್ ಏಡನ್‌ಗೆ ಎದುರಾಗಿದೆ. ಏಡನ್ನಿಗೆ ಹಡಗು ಬರುವ ಊರುಗಳೆಂದು ಇಬ್ನ್ ಬತೂತ ಕೊಡುವ ಪಟ್ಟಿಯಲ್ಲಿ ಮಂಗಳೂರು, ಬಾರಕೂರು, ಹೊನ್ನಾವರಗಳ ಹೆಸರುಗಳಿವೆ. ಅವನಿಗೂ ಮೊದಲು, 12ನೆಯ ಶತಮಾನದಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ಏಡನ್ನಿನ ವರ್ತಕ ಮದ್‌ಮೂನ್‌ನೊಡನೆ ವ್ಯವಹರಿಸುತ್ತಿದ್ದನು. ಕಾಳುಮೆಣಸು, ಕಬ್ಬಿಣ ಮುಂತಾದ ಸರಕುಗಳ ಲೆಕ್ಕವಿರುವ ಅವರ ಪತ್ರಗಳು ಕೈರೋದ ಯಹೂದಿ ಪ್ರಾರ್ಥನಾಮಂದಿರದಲ್ಲಿ ಉಳಿದುಬಂದವು. ಕನ್ನಡ ಓದುಗರು ಈ ಪತ್ರಗಳನ್ನು ಬಿಟ್ಟು ಮುಂದೆ ಹೋಗಬಾರದೆಂದು ನಾನು ಒತ್ತಿ ಹೇಳುತ್ತೇನೆ. ಓದುವಾಗ ಗಾಳಿಯ ಲೆಕ್ಕವನ್ನೂ ಇಟ್ಟುಕೊಳ್ಳಿ: ನಮ್ಮ ಕಡೆಯ ಹಡಗುಗಳು ಚಳಿಗಾಲದ ಈಶಾನ್ಯ ಮಾರುತವನ್ನು ಹಿಡಿದು ಹೋಗುತ್ತಿದ್ದವು, ನೈಋತ್ಯ ಮಾರುತದ ಬಿರುಸು ಇಳಿಯುವ ಹೊತ್ತಿಗೆ ಅಲ್ಲಿಂದ ಮರಳುತ್ತಿದ್ದವು.

ಆಳಿದವರ ಸರದಿ ಈಗ ತಾನಾಗಿ ಅರ್ಥವಾಗುತ್ತದೆ. 1513ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಏಣಿ ಹಾಕಿ ಕೋಟೆಗೋಡೆ ಹತ್ತಿಸಲು ಹೊರಟಾಗ ಸೈನಿಕರ ಭಾರಕ್ಕೆ ಏಣಿಗಳು ಮುರಿದು ದಾಳಿ ವಿಫಲವಾಯಿತು. 1538ರಲ್ಲಿ ಒಟ್ಟೋಮನ್ ತುರ್ಕರು ಊರನ್ನು ಹಿಡಿದರು. 1839ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಹೇನ್ಸ್ ಬಂದಾಗ ಅಲ್ಲಿ ಉಳಿದಿದ್ದವರು ಕೆಲವು ನೂರು ಜನ ಮಾತ್ರ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಊರು ಮತ್ತೆ ಬೆಳೆಯಿತು. 1967ರ ನವೆಂಬರ್ 30ರಂದು ಬ್ರಿಟಿಷ್ ಆಳ್ವಿಕೆ ಕೊನೆಗೊಂಡಿತು.

ಮೂಲ ದಾಖಲೆಗಳನ್ನು ಹುಡುಕುವವರು ಒಂದು ವಿಷಯವನ್ನು ನೆನಪಿಡಬೇಕು. 1932ರವರೆಗೆ ಮುಂಬಯಿಯಿಂದಲೂ, ಅಲ್ಲಿಂದ 1937ರವರೆಗೆ ದೆಹಲಿಯಿಂದಲೂ ಏಡನ್ನಿನ ಆಡಳಿತ ನಡೆಯುತ್ತಿತ್ತು. ಆದ್ದರಿಂದ ಆ ಕಾಲದ ಏಡನ್ನಿನ ಜನಗಣತಿ, ಗೆಜೆಟಿಯರ್ ಮತ್ತು ಆಡಳಿತ ವರದಿಗಳನ್ನು ಅರೇಬಿಯಾದ ಕಡತಗಳಿಗಿಂತ ಮೊದಲು ಬ್ರಿಟಿಷ್ ಭಾರತದ ಕಡತಗಳಲ್ಲಿ, ಮುಖ್ಯವಾಗಿ ಮುಂಬಯಿ ಪ್ರಾಂತ್ಯದ ಸಾಲಿನಲ್ಲಿ ಹುಡುಕಿ.