ಎಡಗಡೆಯ ನಂಬರ್ ಇಳಿದಾಗ

ನಾನು ಪರ್ಫ್ಯೂಷನಿಸ್ಟ್, ಆಪರೇಷನ್ ಹೊತ್ತಿನಲ್ಲಿ ಹಾರ್ಟ್-ಲಂಗ್ ಮೆಷಿನ್ ನಡೆಸುವವನು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾದ ಆರ್ಚ್, ಅಂದರೆ ಕಮಾನು, ಬದಲಿಸುವ ಕೇಸ್ ಅಂದರೆ ಈಗಲೂ ನನಗೆ ಭಯವಿದೆ. ಮಿದುಳಿಗೆ ಹೋಗುವ ನಾಳಗಳು ಹೊರಡುವುದು ಆ ಕಮಾನಿನಿಂದಲೇ. ಅದನ್ನೇ ಬಿಚ್ಚಿ ಹೊಲಿಯಬೇಕು, ಅಷ್ಟು ಹೊತ್ತು ಮೈಗೆ ರಕ್ತ ನಿಲ್ಲಿಸಬೇಕು.

ಮೊದಲೆಲ್ಲ 18 ಡಿಗ್ರಿಗೆ ತಣಿಸಿ ಪೂರ್ತಿ ನಿಲ್ಲಿಸುತ್ತಿದ್ದೆವು. ತಣ್ಣಗಿದ್ದಷ್ಟೂ ಮಿದುಳಿಗೆ ಆಕ್ಸಿಜನ್ ಕಡಿಮೆ ಸಾಕು, ಆದರೂ ಅರ್ಧ ಗಂಟೆ ದಾಟಿದರೆ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಈಗ 25 ಡಿಗ್ರಿ ಸುತ್ತ ಇಟ್ಟು, ಬಲ ಭುಜದ ಕೆಳಗಿನ ಆಕ್ಸಿಲರಿ ನಾಳದಿಂದ ಮಿದುಳಿಗೆ ಮಾತ್ರ ರಕ್ತ ಕೊಡುತ್ತೇವೆ. ಕೆ.ಜಿ.ಗೆ ನಿಮಿಷಕ್ಕೆ 10 ಎಂ.ಎಲ್. ಲೆಕ್ಕ. ಬಲಗೈ ಪ್ರೆಷರ್ 50ರಿಂದ 60.

ಒಂದು ರಾತ್ರಿ ಡಿಸೆಕ್ಷನ್ ಕೇಸ್, ಅಂದರೆ ಅಯೋರ್ಟಾದ ಒಳಪದರ ಸೀಳಿದ ಕೇಸ್, ಬಂತು. ಹಣೆಯ ಮೇಲಿನ ಎರಡು ಪ್ಯಾಡ್‌ಗಳಲ್ಲಿ ಮಿದುಳಿನ ಆಕ್ಸಿಜನ್ ಬಲಕ್ಕೆ 66, ಎಡಕ್ಕೆ 64 ಇತ್ತು. ಕ್ಲ್ಯಾಂಪ್ ಹಾಕಿ ಸ್ವಲ್ಪ ಹೊತ್ತಿಗೆ ಎಡಗಡೆ 58, ಆಮೇಲೆ 52, ಆಮೇಲೆ 47. ಬಲಗಡೆ ಅಲ್ಲಾಡಲಿಲ್ಲ. ಪ್ಯಾಡ್ ಸರಿಯಿದೆಯಾ ನೋಡಿದೆ, ಕಾರ್ಬನ್ ಡೈಆಕ್ಸೈಡ್, ಹಿಮೋಗ್ಲೋಬಿನ್ ನೋಡಿದೆ, ಫ್ಲೋ 12ಕ್ಕೆ ಏರಿಸಿದೆ. ಏನೂ ಆಗಲಿಲ್ಲ. "ಸರ್, ಎಡಗಡೆ 47. ಎಡ ಕ್ಯಾರೊಟಿಡ್‌ಗೂ ಲೈನ್ ಬೇಕು" ಅಂದೆ. ಕ್ಯಾರೊಟಿಡ್ ಅಂದರೆ ಕತ್ತಿನ ಮೂಲಕ ಮಿದುಳಿಗೆ ಹೋಗುವ ನಾಳ. ಬಲದಿಂದ ಎಡಕ್ಕೆ ರಕ್ತ ದಾಟಿಸುವ ನಾಳಗಳ ಉಂಗುರ ಮಿದುಳಿನ ಬುಡದಲ್ಲಿದೆ, ಆದರೆ ಅದು ಎಲ್ಲರಲ್ಲೂ ಪೂರ್ತಿ ಇರುವುದಿಲ್ಲ.

ಸರ್ಜನ್ ತಕ್ಷಣ ಒಪ್ಪಿದರು. ಆದರೆ ಲೈನನ್ನು ಎರಡಾಗಿ ಕವಲೊಡೆಸುವ ವೈ ಕನೆಕ್ಟರ್ ನಾನು ಜೋಡಿಸಿಟ್ಟಿರಲಿಲ್ಲ. ಪ್ಯಾಕೆಟ್ ಒಡೆದು, ಜೋಡಿಸಿ, ಒಂದು ಗುಳ್ಳೆಯೂ ಇಲ್ಲದಂತೆ ಗಾಳಿ ತೆಗೆಯುವಷ್ಟರಲ್ಲಿ ನಾಲ್ಕು ನಿಮಿಷ ಹೋಯಿತು. ಆಮೇಲೆ ನಂಬರ್ 60ಕ್ಕೆ ಬಂತು.

ಮರುದಿನ ರೋಗಿಯ ಬಲಗೈ ಹಿಡಿತ ಸಡಿಲವಿತ್ತು, ಬಲಗೈಯನ್ನು ನಡೆಸುವುದು ಮಿದುಳಿನ ಎಡಭಾಗವೇ. ವಾರದಲ್ಲಿ ಸರಿಹೋಯಿತು, ಆದರೆ ಆ ವಾರವಿಡೀ ದಿನಾ ಐಸಿಯುಗೆ ಹೋಗಿ "ಗಟ್ಟಿಯಾಗಿ ಒತ್ತಿ" ಅಂತ ಕೈ ಕೊಟ್ಟು ನೋಡುತ್ತಿದ್ದೆ.

ಈಗ ಯಾವ ಆರ್ಚ್ ಕೇಸ್ ಇದ್ದರೂ ವೈ ಜೋಡಿಸಿ, ಗಾಳಿ ತೆಗೆದು, ಕ್ಲ್ಯಾಂಪ್ ಹಾಕಿಟ್ಟೇ ಶುರು ಮಾಡುತ್ತೇನೆ. ಬೇಕಾಗದಿದ್ದರೆ ಒಂದು ಕನೆಕ್ಟರ್ ಸುಮ್ನೆ ಹೋಗುತ್ತದೆ, ಹೋಗಲಿ. ತಲೆಯ ಸುತ್ತ ಐಸ್ ಪ್ಯಾಕ್ ಇದ್ದೇ ಇರುತ್ತದೆ.

ಇನ್ನೊಂದು ವಿಷಯ, ಮತ್ತೆ ಬಿಸಿ ಮಾಡುವಾಗ ಅವಸರ ಬೇಡ. ಎಲ್ಲರಿಗೂ ದಣಿವಾಗಿರುತ್ತದೆ, "ಬೇಗ ಏರಿಸಿ" ಅನ್ನುತ್ತಾರೆ. ಮಿದುಳಿಗೆ ಪೆಟ್ಟು ಬೀಳುವುದು ಈ ಹೊತ್ತಲ್ಲೂ ಹೌದು. ಒಳಹೋಗುವ, ಹೊರಬರುವ ರಕ್ತದ ನಡುವೆ 10 ಡಿಗ್ರಿಗಿಂತ ಜಾಸ್ತಿ ಅಂತರ ಬಿಡುವುದಿಲ್ಲ. ಮೆಷಿನ್‌ನಲ್ಲಿ ರಕ್ತಕ್ಕೆ ಆಕ್ಸಿಜನ್ ಸೇರಿಸುವ ಆಕ್ಸಿಜನೇಟರ್‌ನಿಂದ ಹೊರಡುವ ರಕ್ತ 37 ದಾಟಲೂ ಬಿಡುವುದಿಲ್ಲ. "ಇನ್ನೂ 20 ನಿಮಿಷ ಬೇಕು ಸರ್" ಅಂತ ಹೇಳಿ ಕೂತಿರುತ್ತೇನೆ.