ಟೊಲೆಡೊದಲ್ಲಿ ಕೇಳಿದ ಬೀದರಿನ ಸದ್ದು

ಸ್ಪೇನಿನ ಮ್ಯಾಡ್ರಿಡ್‌ಗೆ ಹೋದವರಲ್ಲಿ ಹೆಚ್ಚಿನವರು ಟೊಲೆಡೊ ನೋಡಿ ಅದೇ ದಿನ ವಾಪಸ್ಸಾಗುತ್ತಾರೆ. ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ ಅಷ್ಟೇ. ನಾನು ಅಲ್ಲಿ ಮೂರು ರಾತ್ರಿ ಉಳಿದೆ. ನಾನು ಬಿದ್ರಿ ಕೆಲಸದ ಊರಾದ ಬೀದರಿನವನು. ಉಕ್ಕಿನ ಮೇಲೆ ಚಿನ್ನದ ಎಳೆ ಕೂರಿಸುವ ಕೆಲಸ ಟೊಲೆಡೊದಲ್ಲಿ ಇನ್ನೂ ನಡೆಯುತ್ತದೆ ಎಂದು ಗೊತ್ತಾದ ದಿನದಿಂದ ಅದನ್ನು ಕಣ್ಣಾರೆ ನೋಡಬೇಕು ಅನ್ನಿಸಿತ್ತು.

ಊರು ಇರುವುದು ಬಂಡೆಯ ಗುಡ್ಡದ ಮೇಲೆ. ಮೂರು ಕಡೆಯಿಂದ ತಾಹೊ ನದಿ ಬಳಸಿ ಹರಿಯುತ್ತದೆ. ರೈಲು ನಿಲ್ದಾಣ ನದಿಯಾಚೆ, ಕೆಳಗೆ. ನಾನು ಚಕ್ರದ ಸೂಟ್‌ಕೇಸ್ ಎಳೆದುಕೊಂಡೇ ಅಲ್ಕಾಂತಾರಾ ಸೇತುವೆ ದಾಟಿ ಮೇಲೆ ಹತ್ತಿದೆ. ನೀವು ಹಾಗೆ ಮಾಡಬೇಡಿ. ಕಲ್ಲುಹಾಸಿನ ಏರಿನಲ್ಲಿ ಒಂದು ಚಕ್ರ ಕಿತ್ತೇ ಹೋಯಿತು. ನಿಲ್ದಾಣದಿಂದ ಸೊಕೊದೊವೆರ್ ಚೌಕಕ್ಕೆ ಸಿಟಿ ಬಸ್ ಇದೆ. ಅರಬ್ಬರ ಕಾಲದಲ್ಲಿ ಈ ಚೌಕದಲ್ಲಿ ದನ, ಕುದುರೆಗಳ ಸಂತೆ ಸೇರುತ್ತಿತ್ತು. ಹೆಸರೂ ಅರಬ್ಬಿಯ 'ಸೂಕ್', ಅಂದರೆ ಸಂತೆ, ಎಂಬ ಮಾತಿನಿಂದಲೇ ಬಂದದ್ದು.

ಮೊದಲ ದಿನ ಸುಮ್ನೆ ನಡೆದೆ. ಕ್ರಿಸ್ತೊ ದೆ ಲಾ ಲುಸ್ ಎಂಬ ಪುಟ್ಟ ಮಸೀದಿ 999ರಲ್ಲಿ ಕಟ್ಟಿದ್ದು, ಆಮೇಲೆ ಚರ್ಚ್ ಆಯಿತು. ಒಳಗೆ ನಿಂತು ತಲೆಯೆತ್ತಿದರೆ ಒಂಬತ್ತು ಸಣ್ಣ ಗುಮ್ಮಟಗಳು. ಒಂದರ ಹಾಗೆ ಇನ್ನೊಂದಿಲ್ಲ. ಯಹೂದಿಗಳ ಕೇರಿಯಲ್ಲಿ ಸಾಂತಾ ಮರಿಯಾ ಲಾ ಬ್ಲಾಂಕಾ ಇದೆ. ಹೆಸರು ಚರ್ಚಿನದು, ಕಟ್ಟಿದ್ದು ಯಹೂದಿಗಳ ಪ್ರಾರ್ಥನಾ ಮಂದಿರವಾಗಿ. ಕುದುರೆ ಲಾಳದ ಆಕಾರದ ಬಿಳಿ ಕಮಾನುಗಳು ಸಾಲಾಗಿ ನಿಂತಿವೆ. 1492ರಲ್ಲಿ, ಮತ ಬದಲಿಸಲು ಒಪ್ಪದ ಯಹೂದಿಗಳನ್ನೆಲ್ಲ ಸ್ಪೇನಿನಿಂದ ಹೊರಹಾಕಿದರು. ಆ ಖಾಲಿ ಮಂದಿರದಲ್ಲಿ ನನಗೆ ಮಾತೇ ಹೊರಡಲಿಲ್ಲ.

ಎರಡನೇ ದಿನ ಗಲ್ಲಿಯಲ್ಲಿ ದಾರಿ ತಪ್ಪಿತು. ಅಲ್ಲಿನ ಎತ್ತರದ ಗೋಡೆಗಳ ನಡುವೆ ಮೊಬೈಲ್ ಮ್ಯಾಪ್ ನಂಬಿ ಪ್ರಯೋಜನವಿಲ್ಲ. ಆಗ ಕೇಳಿಸಿತು, ಟಕ್ ಟಕ್ ಟಕ್. ಚಿಕ್ಕಂದಿನಲ್ಲಿ ನಮ್ಮ ಮನೆ ಹಿಂದಿನ ಗಲ್ಲಿಯಿಂದ ದಿನವೂ ಕೇಳುತ್ತಿದ್ದ ಸಣ್ಣ ಸುತ್ತಿಗೆಯ ಸದ್ದು! ಒಂದು ಅಂಗಡಿಯ ಕಿಟಕಿ ಪಕ್ಕ ವಯಸ್ಸಾದ ಕುಶಲಕರ್ಮಿಯೊಬ್ಬರು ತಲೆ ಬಗ್ಗಿಸಿ ಕೂತಿದ್ದರು. "ಪುಯೆದೊ ಮಿರಾರ್?" ಅಂದೆ. ನೋಡಬಹುದಾ ಎಂದು ಅರ್ಥ. ನಾನು ಕಲಿತು ಹೋಗಿದ್ದ ಸ್ಪ್ಯಾನಿಷ್‌ನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಎರಡು ಮಾತು. ಅವರು ಸ್ಟೂಲ್ ಎಳೆದು ಕೊಟ್ಟರು.

ಈ ಕೆಲಸಕ್ಕೆ ಅಲ್ಲಿ ದಮಾಸ್ಕಿನಾದೊ ಅನ್ನುತ್ತಾರೆ. ನಮ್ಮ ಬಿದ್ರಿಯಲ್ಲಿ ಸತು, ತಾಮ್ರದ ಎರಕದ ಮೇಲೆ ಮೊದಲು ಚಿತ್ರ ಬರೆದು, ಆ ಗೆರೆಯನ್ನೇ ಉಳಿಯಿಂದ ಕೊರೆದು, ಅದರೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಇಲ್ಲಿ ಹಾಗಲ್ಲ. ಉಕ್ಕಿನ ತಗಡಿನ ಮೇಲೆ ಚೂಪಾದ ಅಲಗಿನಿಂದ ಅಡ್ಡಡ್ಡ, ಓರೆಯಾಗಿ ಒತ್ತೊತ್ತಾಗಿ ಗೀರು ಹಾಕುತ್ತಾರೆ. ತಗಡು ಅರದ ಹಾಗೆ ತರಿತರಿಯಾಗುತ್ತದೆ. ಕೂದಲಿನಷ್ಟು ತೆಳುವಾದ ಚಿನ್ನದ ಎಳೆಯನ್ನು ಬೇಕಾದ ಹಾಗೆ ಬಳುಕಿಸಿ ಒತ್ತಿದರೆ ಆ ತರಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಮೆಲ್ಲಗೆ ಬಡಿಯುವುದು. ಕೊನೆಗೆ ಕಾಸ್ಟಿಕ್ ಸೋಡಾ ಹಾಕಿದ ಕುದಿಯುವ ದ್ರಾವಣದಲ್ಲಿ ಅದ್ದಿದರೆ ಉಕ್ಕು ಕಪ್ಪಾಗುತ್ತದೆ, ಚಿನ್ನ ಹಾಗೇ ಉಳಿಯುತ್ತದೆ. ಬೀದರಿನಲ್ಲಿ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಮಾಡುವ ಕೆಲಸವೂ ಇದೇ ಅಲ್ವಾ?

ಮೊಬೈಲ್‌ನಲ್ಲಿದ್ದ ಬಿದ್ರಿ ಹೂಜಿಯ ಫೋಟೋ ತೋರಿಸಿದೆ. ಅವರು ಅದನ್ನು ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು. ಮೂಲೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯನ್ನೂ ಕರೆದು ತೋರಿಸಿದರು. ಆಮೇಲೆ ಒಂದು ಚೂರು ತಗಡು, ಬೆರಳುದ್ದದ ಎಳೆ ನನ್ನ ಕೈಗೆ ಕೊಟ್ಟರು. ನಾನು ಕೂರಿಸಿದ ಎಳೆ ಎರಡು ಸಲ ಎದ್ದು ಬಂತು. ಮೂರನೇ ಸಲ ನಿಂತಿತು. ಆ ಚೂರನ್ನು ಅವರು ನನಗೇ ಕೊಟ್ಟುಬಿಟ್ಟರು.

ಕೊಳ್ಳುವವರಿಗೆ ಒಂದು ಮಾತು. ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ತಟ್ಟೆ, ಓಲೆಗಳಲ್ಲಿ ಯಂತ್ರದ ಅಚ್ಚಿನವು ಜಾಸ್ತಿ. ಕೈಕೆಲಸವಾದರೆ ಎರಡು ಹೂವು ಪೂರ್ತಿ ಒಂದೇ ಥರ ಇರುವುದಿಲ್ಲ. ಬೆಲೆಯೂ ಹೆಚ್ಚು. ಚಿಕ್ಕದಾದರೂ ಕೈಯಲ್ಲಿ ಮಾಡಿದ್ದನ್ನೇ ಕೊಳ್ಳಿ.

ಊಟಕ್ಕೆ ನನ್ನಂಥ ಸಸ್ಯಾಹಾರಿಗೆ ಪಿಸ್ತೊ ಆಸರೆಯಾಯಿತು. ಟೊಮೆಟೊ, ದಪ್ಪ ಮೆಣಸಿನಕಾಯಿ ಹಾಕಿ ಎಣ್ಣೆಯಲ್ಲಿ ಬೇಯಿಸಿದ ಪಲ್ಯ. ಮೊಟ್ಟೆ ಬೇಡ ಎಂದು ಮೊದಲೇ ಹೇಳಬೇಕು. ರಾತ್ರಿ ಊಟಕ್ಕೆ ಒಂಬತ್ತು ಗಂಟೆವರೆಗೂ ಕಾಯಬೇಕು. ಆ ಹೊತ್ತಿಗೆ ಮಾಸಪಾನ್ ನೆರವಿಗೆ ಬಂತು. ಬಾದಾಮಿ, ಸಕ್ಕರೆಯ ಸಿಹಿ, ನಮ್ಮ ಬಾದಾಮ್ ಬರ್ಫಿಯ ನೆಂಟ. ಸನ್ಯಾಸಿನಿಯರ ಒಂದು ಮಠದಲ್ಲಿ ಕೊಂಡೆ. ಗೋಡೆಯಲ್ಲಿ ತಿರುಗುವ ಮರದ ಗೂಡು. ಗಂಟೆ ಬಾರಿಸಿ, ಹಣ ಇಟ್ಟರೆ ಗೂಡು ತಿರುಗಿ ಡಬ್ಬಿ ಈಚೆ ಬರುತ್ತದೆ. ಒಳಗಿನವರ ದನಿ ಮಾತ್ರ ಕೇಳುತ್ತದೆ.

ನಾನು ಹೋದದ್ದು ಕ್ಯಾಥೊಲಿಕ್ ಕ್ರೈಸ್ತರ ಕೊರ್ಪುಸ್ ಕ್ರಿಸ್ತಿ ಹಬ್ಬದ ವಾರ. ಕೆಥೆಡ್ರಲ್ ಸುತ್ತಿನ ಬೀದಿಗಳಿಗೆಲ್ಲ ಮೇಲೆ ಬಟ್ಟೆಯ ಚಪ್ಪರ ಕಟ್ಟಿದ್ದರು. ಗುರುವಾರ ಬೆಳಗ್ಗೆ ನೋಡಿದರೆ ನೆಲದ ತುಂಬಾ ಥೈಮ್, ರೋಸ್‌ಮರಿ ಸೊಪ್ಪು. ತುಳಿದಷ್ಟೂ ಘಮ. ಜನ ಎದ್ದು ನಿಂತರು. ಅಕ್ಕಸಾಲಿಗ ಎನ್ರಿಕೆ ದೆ ಅರ್ಫೆ 16ನೇ ಶತಮಾನದಲ್ಲಿ ಮಾಡಿದ, ಪವಿತ್ರ ರೊಟ್ಟಿ ಇಟ್ಟು ಮೆರೆಸುವ ಬೆಳ್ಳಿಯ ಗೋಪುರ ಮೆರವಣಿಗೆಯಲ್ಲಿ ಬಂತು. ಆಳಿಗಿಂತ ಎತ್ತರ, ಮೈತುಂಬಾ ಬೆರಳಿನಷ್ಟು ಸಣ್ಣ ಮೂರ್ತಿಗಳು. ಸುತ್ತಲಿನವರು ಶಿಲುಬೆಯ ಗುರುತು ಮಾಡಿಕೊಂಡರು. ನನ್ನ ಕೈಯೂ ತಾನಾಗಿ ಜೋಡಿತು.

ಮೆರವಣಿಗೆ ಮುಂದೆ ಹೋದ ಮೇಲೆ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬಗ್ಗಿ ಒಂದು ಹಿಡಿ ಥೈಮ್ ಆರಿಸಿಕೊಂಡರು. ನಾನೂ ಒಂದು ಕಡ್ಡಿ ತೆಗೆದುಕೊಂಡೆ. ಆ ಉಕ್ಕಿನ ಚೂರಿನ ಜೊತೆ ಒಂದೇ ಕಾಗದದಲ್ಲಿ ಸುತ್ತಿ, ಚಕ್ರ ಕಿತ್ತ ಸೂಟ್‌ಕೇಸಿನಲ್ಲಿಟ್ಟುಕೊಂಡು ಬಸ್ ಹತ್ತಿದೆ.